ಅಪ್ಪನ ಮುಖ ಕಂಡಿದ್ದೇ 12ನೇ ವಯಸ್ಸಲ್ಲಿ: ಮಸೂದ್ ಬರ್ಜಾನಿ ಬಗ್ಗೆ ನಿಮಗೇನನ್ಸುತ್ತೆ?

ಹೌಲೇರ್_ಮಲ್ನಾಡಿಗ
ಎಲ್ರಿಗೂ ನಮಸ್ಕಾರ. 2011ರಿಂದ 2015ರ ತನಕ ನಾನು ಇರಾಕಿನ ಕುರ್ದಿಸ್ತಾನದಲ್ಲಿ, ಅಂದ್ರೆ ಕುರ್ದ್ ಜನರ ಸ್ವಾಯತ್ತ ಪ್ರಾಂತ್ಯದಲ್ಲಿ, ಎರ್ಬಿಲ್ ಊರಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ಅಲ್ಲಿನ ಜನ ಎರ್ಬಿಲ್ ಅನ್ನಲ್ಲ, ಹೌಲೇರ್ ಅಂತಾರೆ. ವಾಪಸ್ ಬಂದು ಇಷ್ಟು ವರ್ಷ ಆದ್ರೂ ಒಂದು ವಿಷಯ ತಲೆಯಿಂದ ಹೋಗಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ಸೈಟಿನ ಪಿಕಪ್ ಓಡಿಸ್ತಿದ್ದ ಡ್ರೈವರ್ ಬರ್ಜಾನಿ ಬುಡಕಟ್ಟಿನವನು. ಹುಟ್ಟಿದ್ದು 1983ರ ಕೊನೇಲಿ. ಅವನು ಹುಟ್ಟೋಕೆ ಕೆಲವು ತಿಂಗಳು ಮುಂಚೆ, ಜುಲೈ 31ಕ್ಕೆ, ಸದ್ದಾಂ ಸೈನ್ಯ ಹೌಲೇರ್ ಹತ್ರದ ಕುಷ್ತಪಾ ಶಿಬಿರ ಸುತ್ತುವರಿದು ಗಂಡಸರನ್ನ, ಹುಡುಗರನ್ನ ಎಲ್ಲಾ ಲಾರಿಗೆ ತುಂಬ್ಕೊಂಡು ಹೋಯ್ತು. ಒಟ್ಟು ಸುಮಾರು 8,000 ಬರ್ಜಾನಿಗಳು. ಒಬ್ರೂ ವಾಪಸ್ ಬರಲಿಲ್ಲ. ಇವನ ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಅಮ್ಮನ ತಮ್ಮ, ಎಲ್ರೂ ಅದರಲ್ಲೇ ಹೋದ್ರು. ಪಿಕಪ್ಪಿನ ಮುಂದಿನ ಗಾಜಿನ ಹತ್ರ ಅಪ್ಪಂದು ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಿದ್ದ, ಅಂಚೆಲ್ಲಾ ಬಿಸಿಲಿಗೆ ಹಳದಿ ಆಗಿತ್ತು. ಅದರ ಪಕ್ಕದಲ್ಲೇ ಆಗ ಕುರ್ದಿಸ್ತಾನದ ಅಧ್ಯಕ್ಷರಾಗಿದ್ದ ಮಸೂದ್ ಬರ್ಜಾನಿ ಫೋಟೋ, ಕೆಂಪು ಬಿಳಿ ಚೌಕಳಿ ಮುಂಡಾಸು ಸುತ್ಕೊಂಡಿರೋದು.

ಒಂದಿನ ಅವನನ್ನ ಕೇಳಿದೆ, ಅಧ್ಯಕ್ಷರು ಅವರೇ, ಪ್ರಧಾನಿ ಅವರ ಅಣ್ಣನ ಮಗ, ಭದ್ರತೆ ಎಲ್ಲಾ ಅವರ ಮಗನ ಕೈಲಿ, ನಿನಗೆ ಬೇಜಾರಾಗಲ್ವಾ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು, "ಅವರ ಮನೇಲೂ ಸತ್ತಿದ್ದಾರೆ" ಅಂದ. ಅಷ್ಟೇ. ಈಗ ಅಣ್ಣನ ಮಗ ಅಧ್ಯಕ್ಷ, ಸ್ವಂತ ಮಗ ಪ್ರಧಾನಿ.

ನನ್ನ ಪ್ರಶ್ನೆ ಇದೇ. ಮೂರು ತಲೆಮಾರು ನೇಣು, ಜೈಲು, ಗಡಿಪಾರು ಕಂಡ ಮನೆತನದಿಂದ ಬಂದ ಈ ಮನುಷ್ಯನನ್ನ ನಾವು ಹೇಗೆ ನೋಡ್ಬೇಕು? ಹೋರಾಟಗಾರ ಅಂತಲಾ, ಕುರ್ಚಿ ಬಿಡದ ಯಜಮಾನ ಅಂತಲಾ? ನನಗೆ ಗೌರವಾನೂ ಇದೆ, ಸಿಟ್ಟೂ ಇದೆ.

ಬಿಸಿಲನಾಡು_ಬಳ್ಳಾರಿ
ಕುರ್ದರ ಬಗ್ಗೆ ಕನ್ನಡದಲ್ಲಿ ಬರೆಯೋರೇ ಇಲ್ಲ, ಥ್ಯಾಂಕ್ಸ್ ಗುರೂ. ಆದ್ರೆ ಬರ್ಜಾನಿ ಇರಾಕ್ ರಾಷ್ಟ್ರಪತಿ ಆಗಿದ್ರಲ್ವಾ? ಅವರ ಮೇಲೇ ಹಲಬ್ಜಾದಲ್ಲಿ ಗ್ಯಾಸ್ ಹಾಕಿದ್ದಲ್ವಾ?

ಇತಿಹಾಸದ_ಮೇಷ್ಟ್ರು
ಎರಡೂ ಬೇರೆ ಬೇರೆ. ಇರಾಕ್ ರಾಷ್ಟ್ರಪತಿ ಆಗಿದ್ದು ಜಲಾಲ್ ತಲಬಾನಿ, 2005ರಲ್ಲಿ. ಅವರು ಇನ್ನೊಂದು ಪಕ್ಷದವರು, ಮಸೂದ್ ಅವರ ಹಳೇ ಪ್ರತಿಸ್ಪರ್ಧಿ. ಮಸೂದ್ ಅದೇ ವರ್ಷ ಕುರ್ದಿಸ್ತಾನ ಪ್ರಾಂತ್ಯದ ಅಧ್ಯಕ್ಷ ಆದ್ರು. ಹಲಬ್ಜಾ ಆಗಿದ್ದು 1988 ಮಾರ್ಚ್ 16ಕ್ಕೆ, ಇರಾನ್ ಗಡಿ ಪಕ್ಕದ ಊರದು, ಒಂದೇ ದಿನ 5,000ದಷ್ಟು ಜನ ವಿಷಾನಿಲಕ್ಕೆ ಸತ್ರು. ಮಲ್ನಾಡಿಗರು ಬರೆದಿರೋ ಬರ್ಜಾನಿಗಳ ನಾಪತ್ತೆ ಅದಕ್ಕೂ ಐದು ವರ್ಷ ಹಿಂದಿನದು.

ಮನೆತನದ ಕಥೆ ಗೊತ್ತಿಲ್ದೇ ಮಸೂದ್ ಅರ್ಥ ಆಗಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಬರ್ಜಾನ್ ಅನ್ನೋದು ಟರ್ಕಿ ಗಡಿಗೆ ಹತ್ತಿರದ ಬೆಟ್ಟದ ಹಳ್ಳಿ. ಇವರು ಅಲ್ಲಿನ ನಕ್ಷಬಂದಿ ಸೂಫಿ ಶೇಖ್‌ಗಳ ಮನೆ. ದೊಡ್ಡಪ್ಪ ಶೇಖ್ ಅಬ್ದುಲ್ ಸಲಾಂ ಅವರನ್ನ 1914ರಲ್ಲಿ ಒಟ್ಟೋಮನ್ ಸರ್ಕಾರ ಮೋಸುಲ್‌ನಲ್ಲಿ ನೇಣಿಗೆ ಹಾಕ್ತು. ಅದಕ್ಕೂ ಮುಂಚೆ ಮಸೂದ್ ಅವರ ಅಪ್ಪ ಮುಸ್ತಫಾ ಪುಟ್ಟ ಮಗು ಇದ್ದಾಗಲೇ ತಾಯಿ ಜೊತೆ ಮೋಸುಲ್ ಜೈಲು ಕಂಡಿದ್ರು. ಇನ್ನೊಬ್ಬ ದೊಡ್ಡಪ್ಪ ಶೇಖ್ ಅಹ್ಮದ್ 1931-32ರಲ್ಲಿ ದಂಗೆ ಎದ್ದಾಗ ಬ್ರಿಟಿಷ್ ವಿಮಾನಗಳು ಬಂದು ಬರ್ಜಾನ್ ಕಡೆ ಹಳ್ಳಿಗಳ ಮೇಲೆ ಬಾಂಬ್ ಹಾಕಿದ್ವು. ಸದ್ದಾಂ ಹುಟ್ಟೋಕೂ ಮುಂಚಿನ ಮಾತು ಇದು.

1946 ಜನವರಿ 22ಕ್ಕೆ ಇರಾನಿನ ಮಹಾಬಾದ್ ಊರಲ್ಲಿ ಖಾಜಿ ಮುಹಮ್ಮದ್ ಕುರ್ದ್ ಗಣರಾಜ್ಯ ಘೋಷಣೆ ಮಾಡಿದ್ರು. ಗಡಿ ದಾಟಿ ಬಂದಿದ್ದ ಮುಸ್ತಫಾ ಅದರ ಸೈನ್ಯದಲ್ಲಿ ಜನರಲ್. ಅದೇ ವರ್ಷ ಆಗಸ್ಟ್ 16ಕ್ಕೆ ಅದೇ ಊರಲ್ಲಿ ಮಸೂದ್ ಹುಟ್ಟಿದ್ದು. ಡಿಸೆಂಬರಿಗೆ ಗಣರಾಜ್ಯಾನೇ ಮುಗೀತು. 1947 ಮಾರ್ಚ್ 31ಕ್ಕೆ ಖಾಜಿ ಅವರನ್ನ, ಘೋಷಣೆ ಮಾಡಿದ್ದ ಅದೇ ಚಾರ್ ಚಿರಾ ಚೌಕದಲ್ಲಿ ನೇಣು ಹಾಕಿದ್ರು. ಮುಸ್ತಫಾ ಸುಮಾರು 500 ಜನ ಕಟ್ಕೊಂಡು, ಮೂರು ದೇಶದ ಸೈನ್ಯ ಹಿಂದೆ ಬಿದ್ದಿದ್ರೂ ಬೆಟ್ಟ ಹತ್ತಿ ಇಳಿದು, ಜೂನ್‌ನಲ್ಲಿ ಅರಾಸ್ ನದಿ ದಾಟಿ ಸೋವಿಯತ್ ಒಕ್ಕೂಟ ಸೇರ್ಕೊಂಡ್ರು. ಹೆಂಗಸರು ಮಕ್ಕಳು ಇರಾಕಿಗೆ ವಾಪಸ್ ಬಂದು ಸರ್ಕಾರದ ಕಾವಲಲ್ಲಿ ಸಿಕ್ಕಾಕೊಂಡ್ರು, ಶೇಖ್ ಅಹ್ಮದ್ ಜೈಲು ಸೇರಿದ್ರು. 1958ರಲ್ಲಿ ಬಾಗ್ದಾದ್‌ನ ರಾಜನ ಆಳ್ವಿಕೆ ಬಿದ್ದ ಮೇಲೇ ಮುಸ್ತಫಾ ವಾಪಸ್ ಬಂದಿದ್ದು. ಶೀರ್ಷಿಕೇಲಿ ಬರೆದಿದ್ದೀರಲ್ಲ, ಅದು ಇದೇ. ಹುಡುಗನಿಗೆ ಆಗ 12.

ಕಾವೇರಿ_ಮೈಸೂರು
ಮೇಷ್ಟ್ರೇ ಓದ್ತಾ ಓದ್ತಾ ಆ ತಾಯಿ ಬಗ್ಗೇನೇ ಯೋಚ್ನೆ ಬಂತು. ಕೈಕೂಸು ಕಟ್ಕೊಂಡು 11 ವರ್ಷ, ಗಂಡ ಬದುಕಿದ್ದಾನೋ ಇಲ್ವೋ ಅನ್ನೋ ಹಾಗೆ. ಅವರ ಬಗ್ಗೆ ಎಲ್ಲೂ ಬರೆಯಲ್ಲ ನೋಡಿ.

ಇತಿಹಾಸದ_ಮೇಷ್ಟ್ರು
ನಿಜ ಕಣಮ್ಮ. ಅವರ ಹೆಸರು ಹಮಾಯಿಲ್, ಜಿಬಾರಿ ಬುಡಕಟ್ಟಿನವರ ಮಗಳು. ಜಿಬಾರಿಗಳಿಗೂ ಬರ್ಜಾನಿಗಳಿಗೂ ತಲೆತಲಾಂತರದಿಂದ ಹಗೆ ಇತ್ತು, ಆ ಹಗೆ ಮಧ್ಯೆನೇ ಸಂಬಂಧ ಆಗಿದ್ದು. ಮುಂದೆ ಇರಾಕ್ ವಿದೇಶಾಂಗ ಮಂತ್ರಿ ಆದ ಹೋಶ್ಯಾರ್ ಜಿಬಾರಿ, ಮಸೂದ್‌ಗೆ ಸೋದರಮಾವ ಆಗ್ಬೇಕು.

ಹುಬ್ಬಳ್ಳಿ_ಗಿರ್ಮಿಟ್
ನನ್ನ ಮಾತು ಸ್ವಲ್ಪ ಖಾರ ಅನಸಬಹುದು, ಬ್ಯಾಸರ ಮಾಡ್ಕೋಬ್ಯಾಡ್ರಿ. ಮನಿತನದ ಕಷ್ಟ ಎಲ್ಲಾ ಖರೇನ ಐತಿ. ಆದ್ರ 1996 ಆಗಸ್ಟ್ 31ಕ್ಕ ಏನಾತು ಅದನ್ನೂ ಹೇಳ್ರಿ. ತಮ್ಮ ಕುಲದ 8,000 ಮಂದೀನ್ನ ಕೊಂದ ಅದ ಸದ್ದಾಂನ ಸೈನ್ಯಾನ, ತಲಬಾನಿ ಪಕ್ಷದವರನ್ನ ಓಡಸಾಕ ಅಂತ ಇದ ಮಸೂದ್ ಎರ್ಬಿಲ್‌ಗೆ ಕರಸಿದ್ರು. ಟ್ಯಾಂಕ್ ಬಂದ್ವು, ಸದ್ದಾಂ ವಿರೋಧಿಗಳನ್ನ ಹುಡುಕಿ ಹುಡುಕಿ ಹೊಡದ್ರು. ನೊಂದ ಮನಿತನ ಅಂತ ಎಲ್ಲಾ ಮಾಫ್ ಆಗತೈತೇನ್ರಿ? ಇದರ ಮ್ಯಾಲ ನನಗ ಅವರ ಬಗ್ಗೆ ಒಂದು ಒಳ್ಳೆ ಮಾತು ಬರವಲ್ದು.

ದುಬೈ_ಶೆಟ್ರು
ಗಿರ್ಮಿಟ್ ಅವರೇ ಅರ್ಧ ಹೇಳಿದ್ರಿ. ಆ ವರ್ಷ ತಲಬಾನಿ ಕಡೆಯವರಿಗೆ ಇರಾನ್ ಬೆಂಬಲ ಇತ್ತು, ಎರ್ಬಿಲ್ ಆಗಲೇ ಅವರ ಕೈಲಿತ್ತು, ಬರ್ಜಾನಿಯವರು ಮೂಲೆಗೆ ಬಿದ್ದಿದ್ರು. ಸರಿ ಅಂತ ಹೇಳ್ತಿಲ್ಲ. ಆದ್ರೆ ಕೊರಳಿಗೆ ಕತ್ತಿ ಬಂದಾಗ ಮಾಡಿದ್ದು ಅದು.

ಹುಬ್ಬಳ್ಳಿ_ಗಿರ್ಮಿಟ್
ಕತ್ತಿ ಹಿಡದಾವ ಯಾರು, ಇನ್ನೊಬ್ಬ ಕುರ್ದನ ಅಲ್ರಿ? 1992ರ ಚುನಾವಣ್ಯಾಗ ಎರಡೂ ಪಕ್ಷಕ್ಕ 50, 50 ಸೀಟು. ಜನ ಕೂಡಿ ಆಳ್ರಿ ಅಂತ ಕೊಟ್ಟಿದ್ರು. ಎರಡ ವರ್ಷದಾಗ ಬಂದೂಕು ಹಿಡದ್ರು. ಸುಂಕದ ರೊಕ್ಕ ಯಾರಿಗೆ ಅಂತ ಜಗಳಾ ಅದು, ಟರ್ಕಿ ಗಡಿ ಮ್ಯಾಲ ಬರೂ ಲಾರಿಗಳ ಸುಂಕ.

ಕುಡ್ಲದ_ನರ್ಸಕ್ಕ
ನಾನು ಸುಲೈಮಾನಿಯಾದಲ್ಲಿ ಮೂರು ವರ್ಷ ನರ್ಸ್ ಆಗಿದ್ದೆ, ಅದು ತಲಬಾನಿ ಕಡೆಯವರ ಊರು. ಅಲ್ಲಿ ನೀವು ಬರ್ಜಾನಿ ಫೋಟೋ ಹುಡುಕಿದ್ರೂ ಸಿಗ್ಲಿಕ್ಕಿಲ್ಲ ಮಾರಾಯ್ರೆ. ನನ್ನ ಜೊತೆ ನೈಟ್ ಡ್ಯೂಟಿ ಮಾಡ್ತಿದ್ದ ದೊಡ್ಡ ಸಿಸ್ಟರ್ ಒಬ್ರು ಇದ್ರು, ಅವರ ಅಣ್ಣ ಆ 90ರ ದಶಕದ ಜಗಳದಲ್ಲೇ ಸತ್ತದ್ದು. ಸದ್ದಾಂ ಗುಂಡಿಗೆ ಅಲ್ಲ, ಕುರ್ದ್ ಗುಂಡಿಗೆ. ಆ ಯುದ್ಧಕ್ಕೆ ಅವರು ಬ್ರಾಕುಜಿ ಅಂತ ಹೇಳ್ತಾರೆ, ಅಂದ್ರೆ ಒಡಹುಟ್ಟಿದವನನ್ನ ಕೊಲ್ಲುವುದು. ಆ ಶಬ್ದ ಹೇಳುವಾಗ ಅವರು ಸ್ವರ ಇಳಿಸ್ತಿದ್ರು, ಪಕ್ಕದ ಬೆಡ್ಡಿನ ಪೇಷೆಂಟಿಗೆ ಕೇಳಬಾರದು ಅನ್ನುವ ಹಾಗೆ. ಸದ್ದಾಂ ಬಗ್ಗೆ ಆದ್ರೆ ಗಟ್ಟಿಯಾಗೇ ಮಾತಾಡ್ತಿದ್ರು.

ನನ್ನ ಅಭಿಪ್ರಾಯ ಕೇಳಿದ್ರೆ, ಮಲ್ನಾಡಿಗರ ಡ್ರೈವರ್ ಹೇಳಿದ್ದೂ ಸತ್ಯ, ಈ ಸಿಸ್ಟರ್ ಹೇಳಿದ್ದೂ ಸತ್ಯ. ಒಂದು ಹೇಳಿ ಇನ್ನೊಂದನ್ನ ಅಳಿಸ್ಲಿಕ್ಕೆ ಆಗುದಿಲ್ಲ.

ಹೌಲೇರ್_ಮಲ್ನಾಡಿಗ
ನರ್ಸಕ್ಕ, ಸುಲೈಮಾನಿಯಾ ಕಡೆಯ ಮಾತು ನನಗೆ ಹತ್ರದಿಂದ ಸಿಕ್ಕಿರಲೇ ಇಲ್ಲ. ನಮ್ಮ ಡ್ರೈವರ್ ಬ್ರಾಕುಜಿ ವಿಷಯ ಬಂದ್ರೆ ರೇಡಿಯೋ ಜೋರು ಮಾಡ್ತಿದ್ದ, ನನಗೆ ಕಾರಣ ಈಗ ಹೊಳೀತಿದೆ.

ಶಿರಸಿ_ಸುಬ್ಬಣ್ಣ
ಒಂದು ಸಣ್ಣ ಪ್ರಶ್ನೆ, ಆ ಕೆಂಪು ಬಿಳಿ ಮುಂಡಾಸು ಎಲ್ಲಾ ಕುರ್ದರೂ ಸುತ್ತುತ್ವಾ? ನಾನು ನೋಡಿದ ಫೋಟೋದಲ್ಲಿ ಕೆಲವರದು ಕಪ್ಪು ಬಿಳಿ ಇತ್ತು.

ಹೌಲೇರ್_ಮಲ್ನಾಡಿಗ
ಇಲ್ಲ ಸುಬ್ಬಣ್ಣ, ಅದು ಬರ್ಜಾನಿಗಳ ಗುರುತು. ಜಮಾನಾ ಅಂತಾರೆ ಅದಕ್ಕೆ. ಕಪ್ಪು ಬಿಳಿ ಬೇರೆ ಕಡೆಯವರದು. ಅಗಲ ಪೈಜಾಮ, ಸೊಂಟಕ್ಕೆ ಮೀಟರ್‌ಗಟ್ಟಲೆ ಬಟ್ಟೆ ಸುತ್ತಿ, ತಲೆಗೆ ಇದನ್ನ ಕಟ್ಟಿದ್ರೆ ಪೂರ್ತಿ ವೇಷ. ಮಸೂದ್ ವಿದೇಶದ ದೊಡ್ಡವರನ್ನ ಭೇಟಿ ಆಗೋವಾಗ್ಲೂ ಎಷ್ಟೋ ಸಲ ಇದೇ ವೇಷದಲ್ಲೇ ಇರ್ತಾರೆ. ನೌರೋಜ್ ಹಬ್ಬಕ್ಕೆ ಡ್ರೈವರ್ ನನಗೂ ಕಟ್ಟಿದ್ದ. ಮೂರು ಸಲ ಬಿಚ್ಚಿ ಕಟ್ಟಿದ, ಗಂಟು ಕಿವಿ ಮೇಲೆ ಬರಬಾರದು ಅಂತ.

ಬೆಣ್ಣೆದೋಸೆ_ದಾವಣಗೆರೆ
ನೌರೋಜ್ ಅಂದ್ರೆ ಪಾರ್ಸಿಗಳ ಹೊಸವರ್ಷ ಅಲ್ವಾ? ನಮ್ಮ ಯುಗಾದಿ ಆಸುಪಾಸಲ್ಲೇ ಬರುತ್ತೆ.

ಹೌಲೇರ್_ಮಲ್ನಾಡಿಗ
ಇವರದು ಮಾರ್ಚ್ 20, 21. ಅಕ್ರೆ ಅನ್ನೋ ಊರಲ್ಲಿ ಸಂಜೆ ಪಂಜು ಹಿಡ್ಕೊಂಡು ಬೆಟ್ಟದ ಮೇಲೆ ಸಾಲಾಗಿ ಹತ್ತುತಾರೆ. ಕೆಳಗೆ ನಿಂತು ನೋಡಿದ್ರೆ ಕತ್ತಲ ಬೆಟ್ಟದ ಮೈಮೇಲೆ ಬೆಂಕಿಯ ದಾರ ಓಡ್ತಿರೋ ಹಾಗೆ ಕಾಣುತ್ತೆ. ದುಷ್ಟ ರಾಜನನ್ನ ಕಾವಾ ಅನ್ನೋ ಕಮ್ಮಾರ ಕೊಂದು ಬೆಟ್ಟದ ಮೇಲೆ ಬೆಂಕಿ ಹಚ್ಚಿದ ಅಂತ ಅವರ ಕಥೆ.

ದುಬೈ_ಶೆಟ್ರು
ವಿಷಯಕ್ಕೆ ಬರೋಣ. 1971ರ ಕಥೆ ಯಾರೂ ಹೇಳಲಿಲ್ಲ. 1970 ಮಾರ್ಚ್ 11ಕ್ಕೆ ಬಾಗ್ದಾದ್ ಸರ್ಕಾರ ಕುರ್ದರಿಗೆ ಸ್ವಾಯತ್ತತೆ ಕೊಡ್ತೀವಿ, ಕುರ್ದಿಷ್‌ನ ಅರಬ್ಬಿ ಜೊತೆ ಆಡಳಿತ ಭಾಷೆ ಮಾಡ್ತೀವಿ ಅಂತ ಒಪ್ಪಂದ ಮಾಡ್ಕೊಳ್ತು. ಮರುವರ್ಷ ಸೆಪ್ಟೆಂಬರ್ 29ಕ್ಕೆ ಮಾತುಕತೆಗೆ ಅಂತ ಮೌಲ್ವಿಗಳ ನಿಯೋಗ ಒಂದು ಮುಸ್ತಫಾ ಇದ್ದ ಹಾಜಿ ಒಮ್ರಾನ್‌ಗೆ ಬಂತು. ಮುಸ್ತಫಾ ಮಾತನ್ನ ರೆಕಾರ್ಡ್ ಮಾಡ್ಕೊಂಡು ಬನ್ನಿ ಅಂತ ಬಾಗ್ದಾದಿನವರು ಅವರಿಗೆ ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದ್ರು. ಒಳಗಿದ್ದಿದ್ದು ಬಾಂಬ್. ಗುಂಡಿ ಒತ್ತಿದ ಕೂಡ್ಲೇ ಸಿಡೀತು. ಆ ಕ್ಷಣಕ್ಕೆ ಚಹಾ ಕೊಡೋನು ಮುಸ್ತಫಾ ಮುಂದೆ ಬಗ್ಗಿದ್ದ, ಏಟು ಅವನಿಗೆ ಬಿತ್ತು. ಮುಸ್ತಫಾ ಉಳ್ಕೊಂಡ್ರು. ಮಸೂದ್‌ಗೆ ಆಗ 25, ಅದಾಗಲೇ ಶಾಲೆ ಬಿಟ್ಟು ಕುರ್ದ್ ಹೋರಾಟಗಾರರ ಪಡೆ ಪೆಶ್ಮೆರ್ಗಾ ಸೇರಿ ಒಂಬತ್ತು ವರ್ಷ ಆಗಿತ್ತು. ಹಿಂಗೆ ಬೆಳೆದವನು ಯಾರನ್ನ ನಂಬ್ತಾನೆ ಹೇಳಿ? ಸ್ವಂತ ರಕ್ತದವರನ್ನ ಬಿಟ್ರೆ ಇನ್ಯಾರನ್ನ? ಅಧಿಕಾರ ಮನೆಯೊಳಗೇ ಇಟ್ಕೊಂಡಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.

ಕಾವೇರಿ_ಮೈಸೂರು
ಸ್ವಂತ ರಕ್ತದವರೂ ಆ ಕಡೆ ಹೋಗಿದ್ರಲ್ವಾ ಶೆಟ್ರೇ? ಮಲತಾಯಿ ಮಗ ಒಬ್ರು ಸದ್ದಾಂ ಕಡೆ ಸೇರಿದ್ರು ಅಂತ ಎಲ್ಲೋ ಓದಿದ ನೆನಪು.

ಇತಿಹಾಸದ_ಮೇಷ್ಟ್ರು
ಹೌದು, ಉಬೈದುಲ್ಲಾ. ಮುಸ್ತಫಾ ಅವರ ಹಿರೀಮಗ. 1974ರಲ್ಲಿ ಅಪ್ಪನನ್ನ ಬಿಟ್ಟು ಬಾಗ್ದಾದ್ ಸರ್ಕಾರದಲ್ಲಿ ಮಂತ್ರಿ ಆದ. ಆಮೇಲೆ ಅವನನ್ನೂ ಅದೇ ಸರ್ಕಾರ ಕೊಂದು ಹಾಕ್ತು. ಇನ್ನಿಬ್ಬರು ಅಣ್ಣತಮ್ಮಂದಿರು ಲುಕ್ಮಾನ್, ಸಾಬಿರ್ ಕೂಡ ಉಳೀಲಿಲ್ಲ. ಎದುರು ನಿಂತೋರು ಸತ್ರು, ಕೈ ಜೋಡಿಸಿದೋನೂ ಸತ್ತ.

ಮತ್ತೆ 1975ನ್ನ ಮರೀಬೇಡಿ. ಮಾರ್ಚ್ 6ಕ್ಕೆ ಆಲ್ಜಿಯರ್ಸ್‌ನಲ್ಲಿ ಇರಾನ್ ಶಾ, ಸದ್ದಾಂ ಕೈ ಕುಲುಕಿದ್ರು. ಶತ್ ಅಲ್ ಅರಬ್ ನದಿ ಗಡಿ ವಿಷಯದಲ್ಲಿ ಶಾಗೆ ಬೇಕಾದ್ದು ಸಿಕ್ತು, ಅದಕ್ಕೆ ಬದಲಾಗಿ ಕುರ್ದರಿಗೆ ಕೊಡ್ತಿದ್ದ ನೆರವು ನಿಲ್ಲಿಸಿದ. ಹಿಂದಿದ್ದ ಅಮೆರಿಕಾನೂ ಕೈ ಎತ್ತಿತು. ಹದಿನಾಲ್ಕು ವರ್ಷದ ಹೋರಾಟ ಕೆಲವೇ ದಿನದಲ್ಲಿ ಮಣ್ಣುಪಾಲಾಯ್ತು. ಮುಸ್ತಫಾ 1979 ಮಾರ್ಚ್ 1ಕ್ಕೆ ಅದೇ ಅಮೆರಿಕದ ಆಸ್ಪತ್ರೇಲಿ ಕ್ಯಾನ್ಸರ್‌ನಿಂದ ತೀರಿಕೊಂಡ್ರು. ಆ ವರ್ಷದ ಮೊದಲಲ್ಲೇ ವಿಯೆನ್ನಾದಲ್ಲಿ ಮಸೂದ್ ಮೇಲೂ ಗುಂಡಿನ ದಾಳಿ ಆಗಿತ್ತು, ತಪ್ಪಿಸ್ಕೊಂಡ್ರು. ಅದೇ ವರ್ಷ ಪಕ್ಷದ ಅಧ್ಯಕ್ಷರಾದ್ರು, 33ನೇ ವಯಸ್ಸಿಗೆ.

ಬಿಸಿಲನಾಡು_ಬಳ್ಳಾರಿ
ಅಂದ್ರೆ 1979ರಿಂದ ಇವತ್ತಿನವರೆಗೂ ಪಕ್ಷಕ್ಕೆ ಅವರೇ ಅಧ್ಯಕ್ಷರಾ? ಅಪ್ಪ ಕೂಡ 1946ರಿಂದ. ಗುರೂ ಇದು ಪಕ್ಷ ಅಲ್ಲ, ಪಿತ್ರಾರ್ಜಿತ ಆಸ್ತಿ.

ಗಡಿನಾಡ_ಹುಡುಗಿ
ನಾನು ಕಾಸರಗೋಡಿನವಳು, ನನಗೆ ಇದನ್ನ ಓದುವಾಗ ಬೇರೆಯೇ ಯೋಚನೆ. ಏಕೀಕರಣಕ್ಕೆ ಮುಂಚೆ ಕನ್ನಡದವರು ಮೈಸೂರು, ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಅಂತ ಹಂಚಿ ಹೋಗಿದ್ದರು, ನಾವು ಇನ್ನೂ ಹೊರಗೇ ಉಳಿದಿದ್ದೇವೆ. ಕುರ್ದರೂ ಟರ್ಕಿ, ಇರಾನ್, ಇರಾಕ್, ಸಿರಿಯಾ ಅಂತ ನಾಲ್ಕು ಕಡೆ. 1920ರ ಸೆವ್ರ್ ಒಪ್ಪಂದದಲ್ಲಿ ಅವರಿಗೆ ನಾಡಿನ ಆಸೆ ತೋರಿಸಿ 1923ರ ಲೌಸಾನ್ ಒಪ್ಪಂದದಲ್ಲಿ ಹೆಸರೂ ಇಲ್ಲದ ಹಾಗೆ ಮಾಡಿದರು. ಭಾಷೆ ಒಂದಿದ್ದೂ ಲಿಪಿ ಬೇರೆ, ಟರ್ಕಿ ಕಡೆ ರೋಮನ್ ಅಕ್ಷರ, ಇರಾಕ್ ಕಡೆ ಅರಬ್ಬಿ ಅಕ್ಷರ. ಅವರ ನೋವು ನಮಗೆ ಸ್ವಲ್ಪ ಅರ್ಥ ಆಗಬೇಕು.

ಹುಬ್ಬಳ್ಳಿ_ಗಿರ್ಮಿಟ್
ತಂಗಿ, ನಿನ್ನ ನೋವು ಖರೇನ. ಆದ್ರ ಹೋಲಿಕಿ ಸರಿ ಹೊಂದೂದಿಲ್ಲವಾ. ನಮಗ 1956ರಾಗ ಗೆರಿ ಎಳಿಯೂದರಾಗ ಅನ್ಯಾಯ ಆತು, ಅವರಿಗೆ ವಿಮಾನದಾಗ ಬಂದು ವಿಷಾ ಸುರದ್ರು. 1988ರಾಗ ಅನ್ಫಾಲ್ ಅಂತ ಹೆಸರಿಟ್ಟು ಸಾವಿರಾರು ಹಳ್ಳಿ ನೆಲಸಮ ಮಾಡಿದ್ರು. ಎರಡನ್ನೂ ಒಂದ ತಕ್ಕಡಿಗೆ ಹಾಕಬ್ಯಾಡ.

ಗಡಿನಾಡ_ಹುಡುಗಿ
ತಕ್ಕಡಿಗೆ ಹಾಕಲಿಲ್ಲ ಅಣ್ಣ. ಎಲ್ಲಿಂದ ಅವರ ಮಾತು ನನಗೆ ಕೇಳಿಸುತ್ತದೆ ಅಂತ ಹೇಳಿದೆ ಅಷ್ಟೆ.

ಹುಬ್ಬಳ್ಳಿ_ಗಿರ್ಮಿಟ್
ಹಂಗಂದ್ರ ಒಪ್ಪಿದೆ.

ಕುಡ್ಲದ_ನರ್ಸಕ್ಕ
2014ರ ಬಗ್ಗೆ ಒಂದು ಹೇಳ್ತೇನೆ. ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದ 46 ಜನ ನರ್ಸ್‌ಗಳು, ಹೆಚ್ಚಿನವರು ಕೇರಳದವರು, ಐಸಿಸ್‌ನವರು ಮೋಸುಲ್‌ಗೆ ಕರ್ಕೊಂಡು ಹೋಗಿದ್ರಲ್ಲ, ಕೊನೆಗೆ ಜುಲೈಯಲ್ಲಿ ಅವರು ಊರಿಗೆ ವಿಮಾನ ಹತ್ತಿದ್ದು ಎರ್ಬಿಲ್‌ನಿಂದಲೇ. ನಮ್ಮ ಹಾಸ್ಟೆಲಿನಲ್ಲಿ ಆ ರಾತ್ರಿ ಯಾರೂ ಮಲಗ್ಲಿಲ್ಲ, ಟಿವಿ ಎದುರೇ ಕೂತಿದ್ವು. ಕುರ್ದ್ ಪ್ರದೇಶ ಅಂತ ಒಂದು ಇಲ್ಲದೇ ಇದ್ದಿದ್ರೆ ಆ ಮಕ್ಕಳು ಯಾವ ದಾರಿಯಲ್ಲಿ ಬರ್ಬೇಕಿತ್ತೋ. ಇದಕ್ಕೆ ನಾನು ಯಾವತ್ತೂ ಋಣಿ.

ದುಬೈ_ಶೆಟ್ರು
ಇದನ್ನ ಹೇಳಿದ್ದು ಒಳ್ಳೇದಾಯ್ತು ಅಕ್ಕ. ಅದೇ ಸಮಯದಲ್ಲಿ ಲಕ್ಷಗಟ್ಟಲೆ ನಿರಾಶ್ರಿತರು, ಅರಬ್ಬರು, ಕ್ರೈಸ್ತರು, ಯಜೀದಿ ಅನ್ನೋ ಸಣ್ಣ ಧರ್ಮದೋರು, ಎಲ್ರೂ ಅಲ್ಲಿಗೇ ಓಡಿ ಬಂದ್ರು.

ಬಿಸಿಲನಾಡು_ಬಳ್ಳಾರಿ
ಯಜೀದಿಗಳ ಹೆಸರು ಬಂತಲ್ಲ, ಅವರ ಊರು ಸಿಂಜಾರ್ ಬಗ್ಗೆ ಏನು ಹೇಳ್ತೀರಿ? 2014 ಆಗಸ್ಟ್ 3ಕ್ಕೆ ಐಸಿಸ್ ಬಂದಾಗ ಅಲ್ಲಿ ಕಾವಲಿದ್ದ ಪೆಶ್ಮೆರ್ಗಾ ಮಸೂದ್ ಪಕ್ಷದವರೇ. ಹೇಳ್ದೇ ಕೇಳ್ದೇ ಜಾಗ ಖಾಲಿ ಮಾಡಿದ್ರು. ಸಾವಿರಾರು ಯಜೀದಿ ಹೆಣ್ಣುಮಕ್ಕಳನ್ನ ಗುಲಾಮರ ಹಾಗೆ ಮಾರಿದ್ರು. ಬೆಟ್ಟ ಹತ್ತಿದೋರಿಗೆ ದಾರಿ ಮಾಡಿಕೊಟ್ಟಿದ್ದು ಸಿರಿಯಾ ಕಡೆಯ ಕುರ್ದ್ ಹೋರಾಟಗಾರರು. ಪೆಶ್ಮೆರ್ಗಾ ಅಂದ್ರೆ ಸಾವಿಗೆ ಎದುರು ನಿಲ್ಲೋರು ಅಂತೆ. ಅವತ್ತು ನಿಲ್ಲಲಿಲ್ಲ.

ಹೌಲೇರ್_ಮಲ್ನಾಡಿಗ
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆ ವಾರ ನಾನು ಹೌಲೇರ್‌ನಲ್ಲೇ ಇದ್ದೆ. ಐಸಿಸ್ ಅರ್ಧ ಗಂಟೆ ದಾರಿಗೆ ಬಂದಿತ್ತು. ಪೆಟ್ರೋಲ್ ಬಂಕ್ ಮುಂದೆ ಕಿಲೋಮೀಟರ್ ಉದ್ದ ಸಾಲು, ಕಟ್ತಿದ್ದ ನಮ್ಮ ಬಿಲ್ಡಿಂಗಿನ ಕೆಳಗಿನ ಎರಡು ಮಹಡೀಲಿ ಯಜೀದಿ ಕುಟುಂಬಗಳು ಬಂದು ಕೂತ್ವು. ಕಿಟಕಿ ಬಾಗಿಲು ಇನ್ನೂ ಇಟ್ಟಿರಲಿಲ್ಲ, ಸಿಮೆಂಟ್ ಚೀಲ ಬಿಚ್ಚಿ ಪರದೆ ಮಾಡಿದ್ರು. ನಮ್ಮ ಡ್ರೈವರ್ ಅವನ ಅಮ್ಮನ್ನ ಕರ್ಕೊಂಡು ಬಂದ. ಕಪ್ಪು ಬಟ್ಟೆಯ ಮುದುಕಿ. ಕುಷ್ತಪಾದಲ್ಲಿ ಗಂಡಸರು ಹೋದ ಮೇಲೆ ನೀರು, ಕರೆಂಟು ಕಿತ್ತು ಹಾಕಿದ್ದಾಗ ಕೂಲಿ ಮಾಡಿ ಮಕ್ಕಳನ್ನ ಸಾಕಿದವರು. ಬಂದವರೇ ಒಂದು ಮಾತೂ ಆಡದೆ ನಾನ್ ರೊಟ್ಟಿ ಗಂಟು ಬಿಚ್ಚಿ ಹಂಚೋಕೆ ಶುರು ಮಾಡಿದ್ರು. ಒಬ್ಬ ಯಜೀದಿ ಹೆಂಗಸು ತಗೊಳ್ಳೋಕೆ ಒಪ್ಪಲಿಲ್ಲ. ಮುಖ ತಿರುಗಿಸಿಕೊಂಡಳು. ಅಮ್ಮ ರೊಟ್ಟಿನ ಅವಳ ಪಕ್ಕ ಬಟ್ಟೆ ಹಾಸಿ ಇಟ್ಟು ಮುಂದೆ ಹೋದ್ರು.

ಆ ಹೆಂಗಸು ಸಿಟ್ಟು ಮಾಡಿದ್ದು ಸರಿ ಅಂತ ಆಗ್ಲೂ ಅನ್ನಿಸ್ತು, ಈಗ್ಲೂ ಅನ್ಸುತ್ತೆ.

ಕಾವೇರಿ_ಮೈಸೂರು
ಇದನ್ನ ಓದಿ ಸುಮ್ನೆ ಕೂತ್ಬಿಟ್ಟೆ ಕಣ್ರೀ.

ಶಿರಸಿ_ಸುಬ್ಬಣ್ಣ
8,000 ಗಂಡಸರನ್ನ ಯಾಕೆ ಹಿಡಿದದ್ದು ಅಂತ ಇನ್ನೂ ಯಾರೂ ಹೇಳಲ್ಯಲಿ. ಕಾರಣ ಏನೂ ಇಲ್ದೇ ಹಾಗೆ ಮಾಡ್ತ್ವಾ?

ಇತಿಹಾಸದ_ಮೇಷ್ಟ್ರು
ಇರಾನ್ ಇರಾಕ್ ಯುದ್ಧದ ಕಾಲ ಅದು. 1983 ಜುಲೈನಲ್ಲಿ ಇರಾನ್ ಸೈನ್ಯ ಹಾಜಿ ಒಮ್ರಾನ್ ಹಿಡೀತು, ಮಸೂದ್ ಪಕ್ಷ ಇರಾನ್ ಕಡೆ ನಿಂತಿತ್ತು. ಅದಕ್ಕೆ ಸೇಡು. ಆದ್ರೆ ಹಿಡಿದಿದ್ದು ಯಾರನ್ನ? 1975ರ ಸೋಲಿನ ನಂತರ ಹಳ್ಳಿ ಬಿಡಿಸಿ ಮೊದಲು ದಕ್ಷಿಣದ ಮರುಭೂಮಿಗೆ, ಆಮೇಲೆ ಈ ಶಿಬಿರಗಳಿಗೆ ತಂದು ಹಾಕಿದ್ದ, ಬಂದೂಕು ಮುಟ್ಟದ ಜನಾನ. ಹೋರಾಟಗಾರರು ಬೆಟ್ಟದಲ್ಲಿದ್ರು, ಇವರು ಸರ್ಕಾರದ ಬೇಲಿಯೊಳಗೇ ಇದ್ದೋರು. ಬಾಗ್ದಾದಿಗೆ ಒಯ್ದು ದಕ್ಷಿಣದ ಮರಳುಗಾಡಲ್ಲಿ ಗುಂಡಿಟ್ಟು ಹೂತ್ರು. ಸ್ವಲ್ಪ ದಿನದಲ್ಲೇ ಸದ್ದಾಂ ಭಾಷಣದಲ್ಲಿ, ಅವರು ನರಕಕ್ಕೆ ಹೋದ್ರು ಅಂತ ಬಾಯಿಬಿಟ್ಟೇ ಹೇಳಿದ. ಇರಾಕಿನ ವಿಶೇಷ ನ್ಯಾಯಮಂಡಳಿ 2011ರಲ್ಲಿ ಇದನ್ನ ನರಮೇಧ ಅಂತ ತೀರ್ಪು ಕೊಡ್ತು.

ಬೆಣ್ಣೆದೋಸೆ_ದಾವಣಗೆರೆ
ನನಗೆ ಇಲ್ಲೇ ಒಂದು ಮಾತು ಚುಚ್ಚುತ್ತೆ. ಸತ್ತಿದ್ದು 8,000 ಜನ, ಆ ಲೆಕ್ಕದ ಮೇಲೆ ಕುರ್ಚಿ ಸಿಕ್ಕಿದ್ದು ಒಂದು ಮನೆಗೆ. ಡ್ರೈವರ್ "ಅವರ ಮನೇಲೂ ಸತ್ತಿದ್ದಾರೆ" ಅಂದ್ರಲ್ಲ, ಹೌದು ಸತ್ತಿದ್ದಾರೆ, ಆದ್ರೆ ಅವರ ಮನೇಲಿ ಉಳಿದೋರು ಅರಮನೆ ಸೇರಿದ್ರು, ಇವರ ಮನೇಲಿ ಉಳಿದೋನು ಪಿಕಪ್ ಓಡಿಸ್ತಿದ್ದಾನೆ. ನಾನು ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ನೋವು ಎಲ್ಲರದ್ದೂ ಆಗಿದ್ರೆ ಅಧಿಕಾರಾನೂ ಹಂಚಬೇಕಿತ್ತು.

ದುಬೈ_ಶೆಟ್ರು
ಚುನಾವಣೆ ಗೆದ್ದೇ ಬಂದಿದ್ದಲ್ವಾ ಅವರು? 2009ರಲ್ಲಿ ನೇರ ಮತದಾನದಲ್ಲಿ ಹೆಚ್ಚುಕಮ್ಮಿ 70% ವೋಟು ಬಿದ್ದಿದೆ.

ಬಿಸಿಲನಾಡು_ಬಳ್ಳಾರಿ
2013ಕ್ಕೆ ಎರಡು ಅವಧಿ ಮುಗೀತು, ಎರಡು ವರ್ಷ ಎಳೆದ್ರು. 2015 ಆಗಸ್ಟಿಗೆ ಅದೂ ಮುಗೀತು, ಆದ್ರೂ ಕೂತ್ರು. ಅಕ್ಟೋಬರ್‌ನಲ್ಲಿ ಬೇರೆ ಪಕ್ಷದ ಸ್ಪೀಕರ್ ಕಾರನ್ನ ಎರ್ಬಿಲ್ ಒಳಗೇ ಬಿಡಲಿಲ್ಲ, ಪಾರ್ಲಿಮೆಂಟ್ ಎರಡು ವರ್ಷ ಬಾಗಿಲು ಹಾಕಿತ್ತು. ಇದನ್ನ ಏನಂತ ಕರೀತೀರಿ ಶೆಟ್ರೇ? ಐಸಿಸ್ ಯುದ್ಧ ನಡೀತಿತ್ತು ಅಂತ ಮಾತ್ರ ಹೇಳ್ಬೇಡಿ.

ದುಬೈ_ಶೆಟ್ರು
ಹೇಳಲ್ಲ. ಅದು ತಪ್ಪೇ. ಒಪ್ತೀನಿ.

ಚಿಕ್ಕಬಳ್ಳಾಪುರ_ಚಂದ್ರು
ನಮ್ಮಲ್ಲೂ ಅಪ್ಪ ಮಗ ಮೊಮ್ಮಗ ರಾಜಕೀಯ ಇಲ್ವಾ? ನಾನು ಹೆಸರು ಹೇಳ್ಲಾ?

ನಿರ್ವಾಹಕ
ಚಂದ್ರು ಅವರೇ, ದಯವಿಟ್ಟು ಬೇಡ. ಆ ಚರ್ಚೆಗೆ ಬೇರೆ ಎಳೆ ಇದೆ, ಇದು ಅಲ್ಲಿಗೆ ಹೋದ್ರೆ ವಾಪಸ್ ಬರಲ್ಲ.

ಗಡಿನಾಡ_ಹುಡುಗಿ
2017ರ ಜನಮತಗಣನೆ ಬಗ್ಗೆ ನನಗೆ ಇನ್ನೂ ಸಂಕಟ. ಸೆಪ್ಟೆಂಬರ್ 25ಕ್ಕೆ ಸ್ವಾತಂತ್ರ್ಯ ಬೇಕಾ ಅಂತ ಕೇಳಿದಾಗ 92%ಕ್ಕೂ ಹೆಚ್ಚು ಜನ ಬೇಕು ಅಂದರು. ಅಮೆರಿಕ, ಟರ್ಕಿ, ಇರಾನ್, ಬಾಗ್ದಾದ್ ಎಲ್ಲರೂ ಬೇಡ ಅಂದಿದ್ದರು. ಮೂರು ವಾರಕ್ಕೆ, ಅಕ್ಟೋಬರ್ 16ಕ್ಕೆ, ಕಿರ್ಕುಕ್ ಅನ್ನುವ ತೈಲದ ಊರು ಕೈ ತಪ್ಪಿ ಬಾಗ್ದಾದ್ ಪಾಲಾಯಿತು. ನವೆಂಬರ್ 1ಕ್ಕೆ ಅವರು ಅಧ್ಯಕ್ಷ ಸ್ಥಾನ ಬಿಟ್ಟರು. ಆ ಹೆಜ್ಜೆ ಇಟ್ಟದ್ದು ದುಡುಕು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ನೂರು ವರ್ಷದಲ್ಲಿ ಒಮ್ಮೆಯಾದರೂ ಆ ಜನಕ್ಕೆ ಬಾಯಿಬಿಟ್ಟು ಹೇಳುವ ಅವಕಾಶ ಸಿಕ್ಕಿತಲ್ಲ. ನಾನು ಅದನ್ನು ತಪ್ಪು ಅನ್ನಲಾರೆ.

ಹುಬ್ಬಳ್ಳಿ_ಗಿರ್ಮಿಟ್
ಕೇಳೂದು ತಪ್ಪಲ್ಲ ತಂಗಿ. ಕೇಳೂ ಮುಂದ ಕಿರ್ಕುಕ್ ಕಾಯೂ ತಯಾರಿ ಇರಬೇಕಿತ್ತು. ಬರ್ಜಾನಿ, ತಲಬಾನಿ ಕಡ್ಯಾವ್ರು ಅವತ್ತೂ ಒಂದ ಮಾತಿನ್ಯಾಗ ಇರಲಿಲ್ಲ. ತಲಬಾನಿ ಪಕ್ಷದ ಒಂದು ಗುಂಪು ಬಾಗ್ದಾದ್ ಜೋಡಿ ಮಾತಾಡ್ಕೊಂಡು ಹಿಂದ ಸರೀತು. ಬ್ರಾಕುಜಿ ಅಂತ ಅಕ್ಕ ಹೇಳಿದ್ರಲ್ಲ, ಅದು 1998ರ ಒಪ್ಪಂದಕ್ಕ ಮುಗದಿಲ್ಲ ಅಂತ ಅನಸತೈತಿ ನನಗ.

ಕುಡ್ಲದ_ನರ್ಸಕ್ಕ
ಸುಲೈಮಾನಿಯಾದಲ್ಲಿ ಸರ್ಕಾರಿ ಟೀಚರ್‌ಗಳಿಗೆ, ಆಸ್ಪತ್ರೆಯವರಿಗೆ ತಿಂಗಳುಗಟ್ಟಲೆ ಸಂಬಳ ಇರ್ಲಿಲ್ಲ, ಸಿಕ್ಕಿದ್ರೂ ಅರ್ಧ ಸಿಗ್ತಿತ್ತು. 2014ರ ನಂತರ ಬಾಗ್ದಾದ್ ದುಡ್ಡು ನಿಲ್ಲಿಸಿದ ಮೇಲೆ ಶುರುವಾದದ್ದು. ಆ ಸಿಸ್ಟರ್ ತಂಗಿ ಬಳೆ ಮಾರಿ ಬಾಡಿಗೆ ಕಟ್ಟಿದ್ದು ನನಗೆ ಗೊತ್ತುಂಟು. ಅವರಿಗೆ ಸ್ವತಂತ್ರ ದೇಶ ಬೇಕಾ ಕೇಳಿದ್ರೆ ಬೇಕು ಅಂತ್ಲೇ ಹೇಳಿಯಾರು, ಯಾರ ಕೈಗೆ ಅಂತ ಕೇಳಿದ್ರೆ ಮಾತು ನಿಲ್ಲುತ್ತೆ.

ಹೌಲೇರ್_ಮಲ್ನಾಡಿಗ
ಎಲ್ಲಾ ಓದಿದೆ. ಗಿರ್ಮಿಟ್ ಅವರ 1996, ಬಳ್ಳಾರಿಯವರ ಸಿಂಜಾರ್, ದಾವಣಗೆರೆಯವರ ಮಾತು, ಯಾವುದನ್ನೂ ತಳ್ಳಿಹಾಕೋಕೆ ಆಗ್ತಿಲ್ಲ. 2015ರಲ್ಲಿ ಅವರು ತಾವಾಗೇ ಇಳಿದಿದ್ರೆ ನಾನು ಇವತ್ತು ಈ ಪ್ರಶ್ನೇನೇ ಕೇಳ್ತಿರಲಿಲ್ಲ ಅನ್ಸುತ್ತೆ.

ಒಂದು ಸೇರಿಸ್ತೀನಿ. ಸದ್ದಾಂ ಬಿದ್ದ ಮೇಲೆ ದಕ್ಷಿಣದ ಮರಳುಗಾಡಲ್ಲಿ ಗುಂಡಿಗಳು ಸಿಕ್ವು, 2005ರಲ್ಲಿ 500ಕ್ಕೂ ಹೆಚ್ಚು ಜನರ ಮೂಳೆ ಪೆಟ್ಟಿಗೇಲಿಟ್ಟು ಕುರ್ದ್ ಬಾವುಟ ಹೊದಿಸಿ ವಾಪಸ್ ತಂದ್ರು. ಡ್ರೈವರ್ ಅಮ್ಮ ಸಾಲಾಗಿ ಇಟ್ಟಿದ್ದ ಪೆಟ್ಟಿಗೆ ಮುಂದೆ ಒಂದು ಕಡೆಯಿಂದ ಹೋಗ್ತಾ, ಪ್ರತಿಯೊಂದರ ಮೇಲೂ ಅಂಗೈ ಇಟ್ಟು ಇಟ್ಟು ಮುಂದೆ ಹೋದ್ರಂತೆ. ಯಾವುದು ಅವರ ಗಂಡಂದು ಅಂತ ಗೊತ್ತಾಗೋ ಹಾಗಿರಲಿಲ್ಲ. ಗೊತ್ತಾಗ್ಲೇ ಇಲ್ಲ.

ಕಾವೇರಿ_ಮೈಸೂರು
ಬರ್ಜಾನ್‌ಗೆ ನೀವು ಹೋಗಿದ್ರಾ? ಹೇಗಿದೆ?

ಹೌಲೇರ್_ಮಲ್ನಾಡಿಗ
ಒಂದು ಸಲ, 2013 ಏಪ್ರಿಲ್‌ನಲ್ಲಿ, ಅವನ ಜೊತೆ. ದೊಡ್ಡ ಝಾಬ್ ನದಿ ದಾಟಿ ಹೋಗ್ಬೇಕು, ದಾರಿ ಉದ್ದಕ್ಕೂ ಹಸಿರು, ನಮ್ಮ ಕಡೆ ಜೂನ್ ಕಳೆದ ಮೇಲೆ ಇರುತ್ತಲ್ಲ ಹಾಗೆ. ಮುಸ್ತಫಾ ಸಮಾಧಿ ದೊಡ್ಡದಾಗಿ ಅಮೃತಶಿಲೆಯಲ್ಲಿ ಇರುತ್ತೆ ಅನ್ಕೊಂಡಿದ್ದೆ. 1993ರಲ್ಲಿ ಇರಾನಿಂದ ತಂದು ಇಲ್ಲಿ ಹೂತಿದ್ದು. ನೋಡಿದ್ರೆ ಬರೀ ಮಣ್ಣು, ಸುತ್ತ ಕಾಡುಗಲ್ಲು, ಹುಲ್ಲು ಬೆಳೆದಿತ್ತು. ಪಕ್ಕದಲ್ಲಿ ಮಗ ಇದ್ರೀಸ್‌ದೂ ಹಾಗೇ. ಡ್ರೈವರ್ ಜಮಾನಾ ತೆಗೆದು ಕೈಲಿಟ್ಕೊಂಡು ನಿಂತ, ಆಮೇಲೆ ನನ್ನನ್ನ ಆ 8,000 ಜನರಲ್ಲಿ ಮೂಳೆ ಸಿಕ್ಕಿ ವಾಪಸ್ ತಂದವರ ಸಮಾಧಿಗಳ ಕಡೆಗೆ ಕರ್ಕೊಂಡು ಹೋದ. ಅಲ್ಲೂ ಅದೇ ಮಣ್ಣು, ಅದೇ ಕಲ್ಲು, ಸಾಲು ಸಾಲು. ಒಂದೊಂದರ ಮುಂದೇನೂ ಸ್ವಲ್ಪ ನಿಂತು ಹೋಗ್ತಿದ್ದ, ನಾನು ಹಿಂದೆ ಹಿಂದೆ ನಡೆದೆ. ಹೊರಡೋಷ್ಟರಲ್ಲಿ ಕತ್ತಲಾಗಿತ್ತು.